ಇನ್ನು ಮುಂದೆ ಈ ಪಾತ್ರದಲ್ಲಿ

ನಿನ್ನೆ ರಾತ್ರಿ ಒಂಬತ್ತಕ್ಕೆ ಸರಿಯಾಗಿ
ಕೌಲ್ ಬಜಾರಿನಾಗ ನಮ್ಮ ಓಣಿಗಷ್ಟೇ ಕರೆಂಟು ಹೋತು.
ಹಿಂಗಾಗಿ ನನ್ನ ಪಾಲಿಗೆ ಆಕಿ ಇನ್ನೂ
ಮೆಟ್ಟಲ ಮ್ಯಾಲೇ ನಿಂತಾಳ.
ಕೈಯಾಗ ಹಾಲಿನ ಲೋಟ,
ಹಾಲಿನಾಗ ವಿಷ,
ಕಣ್ಣಾಗ ಗ್ಲಿಸರಿನ್ನು.

ಮುಂಜಾನೆ ಯೂನಿಟ್ಟಿಗೆ ಬಂದು ಕೇಳಿದರ
ಮೂವರು ಮೂರು ಹೇಳಿದರು.

ಪಾಕೀಟು ಹೊಲಿಯೋ ಮಾಬುನ್ನಿ:
"ಕುಡದಾಳ. ಸಾಯಂಗಿಲ್ಲ ತಗೋ,
ಆಕಿ ಸತ್ತರ ಸೋಪಿನ ಜಾಹೀರಾತು ಯಾರು ನೋಡ್ತಾರ?"
ಜಿಪ್ಪು ಕೂಡಿಸೋ ಗಾದೆಮ್ಮ:
"ಎಲ್ಲಿ ಕುಡದ್ಲು? ಲೋಟ ತುಟಿಗೆ ತಂದಳು,
ಅತ್ತಿ ಮುಖ ಮೂರು ಸಲ, ಮಾವನ ಮುಖ ಮೂರು ಸಲ,
ನಾಯಿ ಮುಖ ಒಂದು ಸಲ, ಢಣ್ ಅಂತ ಮುಗೀತು."
ಕಾಜಾ ಮಿಷಿನ್ನಿನ ತಿಪ್ಪೇರುದ್ರ,
ಸೀರಿಯಲ್ಲೇ ನೋಡದ ಗಂಡಸು,
ತಲಿ ಎತ್ತದ ಅಂದ: "ಹಾಲು ಕುಡದಿದ್ದು ಬೆಕ್ಕು."

ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.
ಆ ಮನ್ಯಾಗ ಎಂಟು ಮಂದಿ, ಒಂದು ಬಟ್ಟಿ ಒಗದದ್ದು ಕಂಡಿಲ್ಲ.
ಬೋಗಾಣಿಯ ತಳ ಕಪ್ಪಾಗಿಲ್ಲ.
ಅತ್ತಿ ರೇಷ್ಮಿ ಸೀರಿ ಉಟ್ಟು, ಕಾಸಿನ ಸರ ಹಾಕ್ಕೊಂಡು ಮಲಗ್ತಾಳ,
ನಮ್ಮ ಬಳ್ಳಾರಿ ಮೇ ತಿಂಗಳದಾಗ ಹಂಗ ಮಲಗಲಿ ನೋಡೋಣ.

ಇನ್ನೊಂದು:
ಅದರಾಗ ಜೀನ್ಸು ಹಾಕಿದಾಕೀನೇ ಕೆಟ್ಟಾಕಿ.
ಮನಿ ಮುರಿಯಾಕಿ ಜೀನ್ಸಿನಾಗ ಬರ್ತಾಳ,
ತಪ್ಪು ಒಪ್ಪಿಕೊಂಡ ದಿನ ಸೀರಿ ಉಡ್ತಾಳ.
ನಾವು ದಿನಕ್ಕ ನೂರಾ ಎಂಬತ್ತು ಹೊಲದು ಹಾಕ್ತೀವಿ,
ಐದು ಪಾಕೀಟು, ಏಳು ಬೆಲ್ಟಿನ ಪಟ್ಟಿ,
ಇದರಾಗ ಕೆಟ್ಟತನ ಯಾವ ಸಂದ್ಯಾಗ ಕೂಡಿಸಿದ್ವಿ?
ಉಗುರಿನಾಗ ಕುಂತದ್ದು ಬರೇ ನೀಲಿ.
ಒಂದಿನ ಮಾಬುನ್ನಿ ಟೀವಿ ತನಕ ಎದ್ದು ಹೋಗಿ
ಕೆಟ್ಟಾಕಿಯ ತೊಡಿ ಹೊಲಿಗಿ ನೋಡಿ ಬಂದಳಂತ:
"ಜೋಡಿ ಸೂಜಿ, ನಮ್ಮ ಊರಿಂದೇ ಮಾಲು."
ಅವತ್ತಿನಿಂದ ನಾವೆಲ್ಲಾ ಕೆಟ್ಟಾಕಿ ಕಡೆ.

ಹೋದ ತಿಂಗಳು ಒಳ್ಳೇಕಿ ಮುಖ ತೊಳಿಯಾಕ ಬಚ್ಚಲಿಗೆ ಹೋದಳು,
ಹೊರಗ ಬಂದದ್ದು ಬ್ಯಾರೆ ಮುಖ.
ಕೆಳಗ ಒಂದು ಪಟ್ಟಿ ಓಡಿತು:
ಇನ್ನು ಮುಂದೆ ಈ ಪಾತ್ರದಲ್ಲಿ ಇಂಥಾಕಿ.
ಗಂಡ ಪೇಪರಿನಿಂದ ಕಣ್ಣು ತಗೀದ "ಚಾ ಕೊಡು" ಅಂದ.
ಗಾದೆಮ್ಮಗ ಒಂದು ವಾರ ಸಿಟ್ಟು:
"ಎಂಟುನೂರು ಎಪಿಸೋಡು ಮಗ್ಗಲಾಗ ಮಲಗ್ಯಾನ,
ಗುರ್ತು ಸಿಗಲಿಲ್ಲಂದ್ರ ಏನಂಥಾ ಗಂಡ?"
ಮಾಬುನ್ನಿ ಅಂದಳು: "ಮುಖ ನೋಡಿದ್ರ ತಾನೇ ಗುರ್ತು ಸಿಗಾದು."
ನಕ್ಕೂ ನಕ್ಕೂ ನನ್ನ ಕತ್ತರಿ
ಉಳಿಬೇಕಾದ ದಾರವನ್ನೇ ಕತ್ತರಿಸಿತು,
ಆ ಪ್ಯಾಂಟಿನ ರೊಕ್ಕ ಪಗಾರದಾಗ ಹಿಡದರು.

ಏಳನೇ ಮಿಷಿನ್ನಿನ ಸುಂಕಮ್ಮ
ಶನಿವಾರ ಟಿಫನ್ ಡಬ್ಬಿ ತಗೊಂಡು ಹೋದಾಕಿ.
ಕಣ್ಣು ಮಂಜಂತ ಒಬ್ಬರು,
ಗುಂತಕಲ್ಲಿಗೆ ತಂಗಿ ಕಡೆ ಹೋದಳಂತ ಒಬ್ಬರು.
ಸೋಮವಾರ ಅದೇ ಸ್ಟೂಲಿನ ಮ್ಯಾಲೆ
ಒಂದು ಸಣ್ಣ ಹುಡುಗಿ,
ಅದೇ ಒಳತೊಡಿ ಹೊಲಿಗಿ.
ಮೇಸ್ತ್ರಿ ಮೊಬೈಲ್ ನೋಡಿಕೋತ ಬಂದು,
"ಸುಂಕಮ್ಮ, ಬಂಡಲ್ ಎಲ್ಲಿ?" ಅಂದ.
ಆಕಿ ಬಂಡಲ್ ಕೊಟ್ಟಳು.
ಕೆಳಗ ಯಾವ ಪಟ್ಟಿನೂ ಓಡಲಿಲ್ಲ.
ಗಾದೆಮ್ಮ ಯಾಕೋ ಅವತ್ತು
ಜಿಪ್ಪಿನ ಹಲ್ಲು ಎಣಿಸಿಕೋತ ಕುಂತಿದ್ದಳು.

ಸುಂಕಮ್ಮ ಎಡಗಾಲಿನ ಚಪ್ಪಲಿ ಅಷ್ಟೇ ಬಿಟ್ಟು ಪೆಡಲ್ ತುಳಿಯಾಕಿ.
ಈಕಿ ಎರಡೂ ಬಿಡ್ತಾಳ,
ಬಿಟ್ಟು, ಜೋಡಿಸಿ ಇಡ್ತಾಳ.

ಇವತ್ತು ಮಧ್ಯಾಹ್ನ ಒಗ್ಗರಣಿ ಮಿರ್ಚಿ ಬಿಚ್ಚಿದಾಗ
ಅರ್ಧ ಮಿರ್ಚಿ ಮುರದು ಆಕಿ ಕಡೆ ಸರಿಸಿ
ಹೆಸರು ಕೇಳಿದೆ.
"ಹಂಪಮ್ಮ."
"ಸೀರಿಯಲ್ ನೋಡ್ತಿಯೇನು?"
"ನಿನ್ನೆ ಒಂದೇ ನೋಡೀನಕ್ಕ, ಮಗ್ಗಲ ಮನ್ಯಾಗ."
"ಹಂಗಾರ ಹೇಳು, ಹಾಲು ಕುಡದಳೇನು?"
"ಇಲ್ಲಕ್ಕ. ಮೆಟ್ಟಲ ಕೆಳಗಿನ ಕುಂಡಕ್ಕ ಸುರಿವಿದಳು.
ಒಂದು ಎಲಿ ಬಾಡಿತು, ಅಷ್ಟರಾಗ ಮುಗೀತು."

ಕುಂಡ?
ಎಂಟುನೂರು ಎಪಿಸೋಡು ನೋಡೀನಿ ನಾನು,
ಆ ಮೆಟ್ಟಲ ಕೆಳಗ ಗಿಡ ಎಲ್ಲೈತಿ?
ಮಾಬುನ್ನಿ ಇಲ್ಲ ಅಂತಾಳ, ಗಾದೆಮ್ಮ ಆಣಿ ಹಾಕ್ತಾಳ.
ತಿಪ್ಪೇರುದ್ರ ಮಾತ್ರ, "ತುಳಸಿ ಅಲ್ಲ, ಕ್ರೋಟನ್ನು" ಅಂದು
ನಾಲಿಗಿ ಕಚ್ಚಿಕೊಂಡ.

ಇವತ್ತರ ಕರೆಂಟು ಇರಲಿ.
ಯಾರು ಸಾಯ್ತಾರ ಅನ್ನಾದು ಆಮ್ಯಾಲೆ,
ಮೊದಲು ಆ ಗಿಡ ನೋಡಬೇಕು.